ಮೊಬೈಲಿನ ತಂಡ, ಮೈದಾನದ ಹುಡುಗಿ

ಲಿಂಗಸುಗೂರಿನಿಂದ ಮಸ್ಕಿಯ ಶಾಲೆಗೆ ದಿನಾ ಬಸ್ಸಿನಲ್ಲಿ ಓಡಾಡುವ ದೈಹಿಕ ಶಿಕ್ಷಕ ನಾನು. ಬೇಸ್‌ಬಾಲ್ ಮೈದಾನವನ್ನು ಕಣ್ಣಾರೆ ಕಂಡವನಲ್ಲ. ಆದರೂ ಮೊಬೈಲಿನಲ್ಲಿ ಒಂದು ಬೇಸ್‌ಬಾಲ್ ತಂಡಕ್ಕೆ ಎರಡು ವರ್ಷದಿಂದ ಮ್ಯಾನೇಜರ್ ಆಗಿದ್ದೆ. ಆ ಆಟದಲ್ಲಿ ಬ್ಯಾಟ್ ಬೀಸುವುದಿಲ್ಲ. ಯಾರನ್ನು ಆಡಿಸಬೇಕು, ಯಾರನ್ನು ಹೊರಗೆ ಕೂರಿಸಬೇಕು ಎಂದು ತೀರ್ಮಾನಿಸುವುದಷ್ಟೇ. ಪಂದ್ಯಗಳಿಗೆ ಮುಂಚೆ ವಸಂತದ ತರಬೇತಿ ಶಿಬಿರ ಬರುತ್ತದೆ. ನನಗೆ ಅದೇ ಹೆಚ್ಚು ಇಷ್ಟ. ಹೊಸಬರನ್ನು ಪರೀಕ್ಷಿಸುತ್ತಿದ್ದೆ, ಹಳಬರ ದಣಿವು ನೋಡಿ ಕೆಲಸ ಕಡಿಮೆ ಮಾಡುತ್ತಿದ್ದೆ.

ಒಂದು ಆಗಸ್ಟಿನಲ್ಲಿ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗಿ ಈಟಿ ಎಸೆತದಲ್ಲಿ ಜಿಲ್ಲಾ ಮಟ್ಟಕ್ಕೆ ಆಯ್ಕೆಯಾಗಿದ್ದಳು. ಸಂತೆಕಲ್ಲೂರಿನವಳು, ತಾಯಿ ಅಲ್ಲಿ ಅಂಗನವಾಡಿ ಶಿಕ್ಷಕಿ. ಸಂಜೆ ಅಭ್ಯಾಸದ ನಡುವೆ ನನ್ನ ಬಳಿ ಬಂದಳು.

“ಸರ್, ಭುಜ ನೋಯಾಕತ್ತೈತ್ರಿ. ಇವತ್ತಿಗೆ ಸಾಕು ಮಾಡ್ಲೇನ್ರಿ?”

ನಾನು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಮೊಬೈಲಿನ ಶಿಬಿರದ ಕೊನೆಯ ದಿನಗಳಲ್ಲಿ ಮುಳುಗಿದ್ದೆ. ತಲೆ ಎತ್ತಲಿಲ್ಲ.

“ಏನೂ ಆಗಂಗಿಲ್ಲ. ಇನ್ನೊಂದ್ ಹತ್ತ್ ಸಲ ಒಗಿ.”

ಎದುರಾಡುವವಳಲ್ಲ ಅವಳು. ಆರನೆಯದೋ ಏಳನೆಯದೋ ಎಸೆತಕ್ಕೆ ಚೀರಿದ್ದು ಕೇಳಿ ನೋಡಿದರೆ, ಭುಜ ಹಿಡಿದುಕೊಂಡು ನೆಲದ ಮೇಲೆ ಕುಳಿತಿದ್ದಳು.

ಮರುದಿನ ತಾಯಿ-ಮಗಳ ಜೊತೆ ಸಿಂಧನೂರಿನ ಡಾಕ್ಟರ ಬಳಿಗೆ ನಾನೂ ಹೋದೆ. ಸ್ನಾಯು ಹರಿದಿದೆ, ಮೂರು ತಿಂಗಳು ಭಾರ ಎತ್ತಬಾರದು ಎಂದರು. ಜಿಲ್ಲಾ ಕ್ರೀಡಾಕೂಟ ಅಲ್ಲಿಗೆ ತಪ್ಪಿತು. ಹೊರಗೆ ಬಂದಾಗ ತಾಯಿ ನನಗೇ ಸಮಾಧಾನ ಹೇಳಿದರು: “ನೀವ್ಯಾಕ್ ಸಣ್ಣ ಮುಖ ಮಾಡ್ತೀರಿ ಸರ್? ಶಾಲಿ ಬಿಟ್ಟು ನಮ್ ಜೋಡಿ ಬಂದೀರಿ, ಅದ ದೊಡ್ಡದು.” ನೋವಿದ್ದರೂ ನಾನು ಎಸೆಯಲು ಹೇಳಿದ್ದನ್ನು ಹುಡುಗಿ ಮನೆಯಲ್ಲಿ ಹೇಳಿರಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ವಾಪಸ್ ಬಸ್ಸಿನಲ್ಲಿ ತಾಯಿ ಕಿಟಕಿಗೆ ಒರಗಿ ನಿದ್ದೆ ಹೋದರು. ನಾನು ಅಭ್ಯಾಸಬಲದಿಂದ ಮೊಬೈಲ್ ತೆರೆದೆ. ನಡುವೆ ಕುಳಿತಿದ್ದ ಹುಡುಗಿ ಬಗ್ಗಿ ನೋಡಿ ಏನೆಂದು ಕೇಳಿದಳು, ಹೇಳಿದೆ.

“ಇವನ ಹೆಸರಿನ ಮುಂದ ಕೆಂಪು ಗುರುತು ಯಾಕೈತ್ರಿ?”

“ಅವಂಗ ಭುಜ ನೋವೈತಿ. ಹದಿನೈದು ದಿನ ಆಡೋದು ಬ್ಯಾಡಂತ ಕೂಡಿಸೀನಿ.”

ಹೇಳಿದ ಮೇಲಷ್ಟೇ ನನ್ನ ಮಾತು ನನಗೇ ಕೇಳಿಸಿತು. ಅವಳು ಮುಂದಿನ ಸೀಟಿನ ಕಂಬಿಯನ್ನೇ ನೋಡುತ್ತ ಕುಳಿತಳು.

ಮಸ್ಕಿಯಲ್ಲಿ ಇಳಿದು ಆಟೊ ಕಾಯುವಾಗ ತಾಯಿಗೆ ಹೇಳಿದೆ: “ನೋವೈತಿ ಅಂತ ಅಕಿ ಹೇಳಿದ್ಳ್ರಿ. ಮೊಬೈಲ್ ನೋಡ್ಕೋತ ಕುಂತು, ನಾನ ಒಗಿ ಅಂದೆ.”

“ಅಕಿ ಹೇಳಿದ್ಳೇನ್ರಿ?” ಎಂದಷ್ಟೇ ಕೇಳಿದರು. ಬೈದಿದ್ದರೆ ಹಗುರಾಗುತ್ತಿದ್ದೆ. ಮಗಳ ಚೀಲವನ್ನು ತಮ್ಮ ಹೆಗಲಿಗೆ ಹಾಕಿಕೊಂಡು ಆಟೊ ಹತ್ತಿದರು.

ಆಟವನ್ನು ಅಂದೇ ಅಳಿಸಿದೆ ಎಂದು ಬರೆಯುವ ಆಸೆ. ಅಳಿಸಿದ್ದು ಎರಡು ವಾರದ ಮೇಲೆ, ಪಂದ್ಯಗಳು ಶುರುವಾಗಿ ನನ್ನ ತಂಡ ಸೋಲತೊಡಗಿದಾಗ.

ಹುಡುಗಿಯ ಭುಜ ವಾಸಿಯಾಯಿತು. ಹತ್ತನೆಯ ತರಗತಿಯಲ್ಲಿ ಮೈದಾನಕ್ಕೆ ಕರೆದೆ.

“ಓದೋದೈತ್ರಿ ಸರ್,” ಎಂದಳು, ಮರ್ಯಾದೆಯಿಂದಲೇ.