ಹೊಗೆ ಅಳೆಯುತ್ತಿದ್ದ ಕಾಕಾ

ಎಷ್ಟು ತೊಳೆದರೂ ಅವರ ಬಲ ಅಂಗೈಯ ಮಸಿ ಹೋಗುತ್ತಿರಲಿಲ್ಲ. ಶಹಾಪುರದ ರಸ್ತೆಬದಿಯ ಪುಟ್ಟ ಅಂಗಡಿಯಲ್ಲಿ ವಾಹನಗಳ ಹೊಗೆ ತಪಾಸಣೆ ಮಾಡುತ್ತಿದ್ದ ಅವರು, ಯಂತ್ರದ ನಳಿಕೆ ತೂರಿಸುವ ಮೊದಲು ಸೈಲೆನ್ಸರ್ ಬಾಯಿಗೆ ಕೈಯೊಡ್ಡಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಎಲ್ಲರಿಗೂ ಅವರು ಕಾಕಾ. ಮದುವೆಯಾಗಿರಲಿಲ್ಲ, ಊಟ ತಮ್ಮನ ಮನೆಯಲ್ಲಿ.

ಆ ತಮ್ಮನ ಹಳೆಯ ಪೆಟ್ರೋಲ್ ವ್ಯಾನಿನಲ್ಲೇ ನಮ್ಮೂರು ಗೋಗಿಯ ಮಕ್ಕಳ ಜೊತೆ ನಾನೂ ಶಹಾಪುರದ ಶಾಲೆಗೆ ಪಾಠ ಹೇಳಲು ಬರುತ್ತಿದ್ದೆ. ಇಳಿಯುವ ಹೊತ್ತಿಗೆ ದಿನವೂ ತಲೆನೋವು. ಸಣ್ಣ ಮಕ್ಕಳು ವಾಂತಿ ಮಾಡುತ್ತಿದ್ದರು. ರಸ್ತೆ ಸರಿಯಿಲ್ಲ ಅಂದುಕೊಂಡಿದ್ದೆವು.

ಒಂದು ಬೆಳಿಗ್ಗೆ ತಮ್ಮ, ಸರ್ಟಿಫಿಕೇಟಿಗೆಂದು ವ್ಯಾನನ್ನು ಕಾಕಾನ ಮುಂದೆ ನಿಲ್ಲಿಸಿದ. ನಾವು ಒಳಗೇ ಇದ್ದೆವು. ಯಂತ್ರದ ಪರದೆಯ ಮೇಲೆ ಅಂಕಿ ಏರುತ್ತಿತ್ತು, ಇಳಿಯುತ್ತಿತ್ತು. ಇಂಜಿನ್ನಿನಲ್ಲಿ ಪೆಟ್ರೋಲ್ ಒಂದು ಸಲ ಪೂರ್ತಿ ಉರಿಯುತ್ತಿದೆ, ಮರುಸಲ ಅರ್ಧಂಬರ್ಧ. ಹಾಗೆ ಅರ್ಧ ಉರಿದಾಗಲೇ ವಿಷಗಾಳಿ ಹೆಚ್ಚು ಎಂದು ಕಾಕಾ ವಿವರಿಸಿದರು. ಹಿಂದಿನ ಸೀಟಿನ ಕೆಳಗೆ ತಗಡು ತೂತಾಗಿ ಆ ಗಾಳಿ ಒಳಗೆ ನುಗ್ಗುತ್ತಿದ್ದುದನ್ನೂ ತೋರಿಸಿದರು.

"ಅಂಕಿ ಇಳಿದಾಗ ಬಟನ್ ಒತ್ತಿ ಸರ್ಟಿಫಿಕೇಟ್ ಕೊಟ್ಟುಬಿಡು ಅಣ್ಣಾ," ಎಂದ ತಮ್ಮ.

"ಇಳಿದಾಗ ಅಷ್ಟ ಉಸಿರು ತಗೋತಾವೇನೋ ಕೂಸುಗೋಳು?"

ಕಾಕಾ ನಮ್ಮನ್ನೆಲ್ಲ ಇಳಿಸಿದರು. ಸುದ್ದಿ ಗೋಗಿ ಮುಟ್ಟಿತು. ರಿಪೇರಿಯಾಗುವವರೆಗೆ ಆ ವ್ಯಾನಿಗೆ ಯಾರೂ ಮಕ್ಕಳನ್ನು ಹತ್ತಿಸಲಿಲ್ಲ. ತಮ್ಮ ಇಂಜಿನ್ ಬಿಚ್ಚಿಸಿದ, ತಗಡಿಗೆ ಬೆಸುಗೆ ಹಾಕಿಸಿದ, ಅಣ್ಣನ ಜೊತೆ ಮಾತು ಬಿಟ್ಟ. ಊಟಕ್ಕೂ ಕರೆಯಲಿಲ್ಲ.

ನಾನು ಹೆದರಿ ಬಸ್ಸಿಗೆ ಬರತೊಡಗಿದೆ. ತಲೆನೋವು ಹೋಯಿತು. ಇಳಿದು ಕಾಕಾನ ಹತ್ತಿರ ಒಂದಿಷ್ಟು ಹೊತ್ತು ಕೂತು ಶಾಲೆಗೆ ಹೋಗುವುದು ರೂಢಿಯಾಯಿತು. ಮೂಲೆಯ ಸ್ಟೌ ಮೇಲೆ ಅನ್ನ ಬೇಯುತ್ತಿರುತ್ತಿತ್ತು.

"ಒಬ್ಬನಿಗೆ ಅಂದ್ರ ಅಕ್ಕಿ ಅಳತಿನ ಸಿಗಂಗಿಲ್ಲ ನೋಡ್ರಿ ಟೀಚರ್," ಎಂದು ಒಮ್ಮೆ ನಕ್ಕರು. ಹಬ್ಬದ ದಿನವೂ ಬಾಗಿಲು ತೆರೆದು ಕೂರುತ್ತಿದ್ದರಂತೆ, ಆವತ್ತು ತಪಾಸಣೆಗೆ ಯಾರೂ ಬರುವುದಿಲ್ಲವೆಂದು ಗೊತ್ತಿದ್ದೂ.

ಹೋದ ಬೇಸಿಗೆಯಲ್ಲಿ ಕಾಕಾ ಕೂತಲ್ಲೇ ಕುಸಿದು ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೆ ತಮ್ಮ ನನ್ನ ಹತ್ತಿರ ಬಂದು ನಿಂತ. ಅಣ್ಣ ತನ್ನನ್ನು ಬೈಯುತ್ತಿದ್ದನೇ ಎಂದು ಕೇಳಿದ.

ಇದ್ದದ್ದನ್ನು ಹೇಳಿದೆ. ಅವನ ವ್ಯಾನ್ ಹಾಯ್ದುಹೋಗುವಾಗಲೆಲ್ಲ ಕಾಕಾ ಕೈಯಲ್ಲಿದ್ದ ಕೆಲಸ ಬಿಟ್ಟು, ಸದ್ದು ಕೇಳಿಸದಾಗುವತನಕ ಕಿವಿಗೊಟ್ಟು ನಿಲ್ಲುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ ಹೇಳುತ್ತಿದ್ದುದು ಇಷ್ಟೇ:

"ಸಮಾ ಉರಿಯಾಕತ್ತದ್ರಿ ಟೀಚರ್. ನಮ್ಮ ತಮ್ಮ ಗಾಡಿ ಚಂದ ಇಟ್ಟಾನ."