ಮೋನಪ್ಪಾಚಾರಿಯ ಕುಲುಮೆ

ಪೆರ್ಲದಲ್ಲಿ ಗಂಟೆ ಎರಕ ಹೊಯ್ಯುವ ಮೋನಪ್ಪಾಚಾರಿಗೆ ಹೆಂಡತಿ ಸುಂದರಿ ‘ಏ’, ಕುಲುಮೆ ಮಾತ್ರ ‘ನೀವು’. “ಸ್ವಲ್ಪ ಏಳಿ, ದಮ್ಮಯ್ಯ” ಎಂದು ಬೆಂಕಿಯನ್ನು ಬೇಡುತ್ತಾರೆ. ಆಗ ಯಾರೂ “ಆಯಿತಾ?” ಎಂದು ಕೇಳಕೂಡದು, ಕೇಳಿದರೆ ಕುಲುಮೆಗೆ ಸಿಟ್ಟು ಬಂದು ಕಂಚು ಕರಗುವುದಿಲ್ಲವಂತೆ. ಇಣುಕಿ ಇಣುಕಿ ಹುಬ್ಬು ಸುಟ್ಟುಹೋಗಿದೆ; ದೇವಸ್ಥಾನದವರು ಬರುವ ದಿನ ಸುಂದರಿಯ ಕಾಡಿಗೆಯಿಂದ ಬರೆಸಿಕೊಳ್ಳುತ್ತಾರೆ. ಮೇ ತಿಂಗಳ ಮಧ್ಯಾಹ್ನ ಕುಲುಮೆಯ ಬಿಸಿ ಬಿಟ್ಟು ಅಂಗಳಕ್ಕೆ ಇಳಿದರೆ ತಲೆಗೆ ಮಫ್ಲರ್ ಸುತ್ತಿ, “ಎಂತ ಚಳಿ ಮಾರಾಯ!” ಎನ್ನುತ್ತಾರೆ. ಅವರು ಹೇಳುವ ಗುಟ್ಟು ಬಸ್‌ಸ್ಟ್ಯಾಂಡಿನವರೆಗೆ ಕೇಳುತ್ತದೆ. ನಾವು ಎಷ್ಟು ಕಿರುಚಿದರೂ, “ಈಗಿನವರಿಗೆ ಸ್ವರವೇ ಇಲ್ಲ, ಗಂಜಿ ಉಣ್ಣುದಿಲ್ಲವಾ?” ಎಂದು ಗದರುತ್ತಾರೆ. ಕುಲುಮೆಗೆ ಗಾಳಿ ಊದುವ ಯಂತ್ರದ ಅಬ್ಬರ ಅವರ ಕಿವಿಯನ್ನು ಎಂದೋ ತಿಂದು ಮುಗಿಸಿದೆ ಎಂದರೆ ಒಪ್ಪುವ ಜನವೇ ಅಲ್ಲ. ಆದರೆ ಹೊಸ ಗಂಟೆ ಅಚ್ಚಿನಿಂದ ಹೊರಬಂದ ದಿನ ಆಚಾರಿ ಅದನ್ನು ಒಮ್ಮೆ ಬಾರಿಸಿ, ಅದರತ್ತ ನೋಡದೆ, ಸುಂದರಿಯ ಮುಖವನ್ನೇ ನೋಡುತ್ತಾರೆ. ಅವಳು ಕಣ್ಣು ಮುಚ್ಚಿ ಕೇಳುತ್ತಾ ನಿಲ್ಲುತ್ತಾಳೆ. ಬಹಳ ಹೊತ್ತು ಕಣ್ಣು ತೆರೆಯದಿದ್ದರೆ ಗಂಟೆ ದೇವಸ್ಥಾನಕ್ಕೆ. ಬೇಗ ತೆರೆದರೆ ಮತ್ತೆ ಕುಲುಮೆಗೆ.