ಎಲ್ಲರ ಉತ್ತರದಲ್ಲೂ ಒಂದೇ ಬೇಕರಿ

ಶಾಹೀನ್ ನಕಲು ಮಾಡಿರಲಿಲ್ಲ. ಅವಳು ಪರೀಕ್ಷೆಯಲ್ಲಿ ಬರೆದದ್ದು ಅವಳದೇ. ಅದನ್ನು ಅವಳಿಗೆ ತಿಳಿಸದೆ ಇನ್ನೊಂದು ಬ್ಯಾಚಿನವರಿಗೆ ಬಾಯಿಪಾಠ ಮಾಡಿಸಿದವಳು ನಾನು. ಇಷ್ಟು ಹೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತೇ ಎಂದು ನೀವು ಕೇಳಬಹುದು — ಬೇಕಾಯಿತು. ನನಗೇ ನನ್ನ ಮೇಲೆ ರೋಸಿಹೋಗುವವರೆಗೂ ಬೇಕಾಯಿತು.

ಮುಂಬಯಿಯ ಕಾಂದಿವಲಿಯಲ್ಲಿ ನನ್ನದೊಂದು ಇಂಗ್ಲಿಷ್ ಕ್ಲಾಸ್ ಇದೆ. ಮೇಲಿನ ಹಂತದ ಇಂಗ್ಲಿಷ್ ಪರೀಕ್ಷೆಗೆ ಕೂರುವವರನ್ನು ತಯಾರು ಮಾಡುತ್ತೇನೆ. ಓದುವುದು, ಮಾತಾಡುವುದು ಹೇಗೋ ಆಗುತ್ತದೆ. ಪ್ರಾಣ ಹಿಂಡುವುದು ಬರವಣಿಗೆ. ಪ್ರಬಂಧಕ್ಕೊಂದು ರೀತಿ, ವರದಿಗೊಂದು, ಪ್ರಸ್ತಾವಕ್ಕೆ ಮತ್ತೊಂದು, ವಿಮರ್ಶೆಗೆ ಮಗದೊಂದು. ವರದಿ ಎಂದರೆ ಆಗಿಹೋದದ್ದು, ಪ್ರಸ್ತಾವ ಎಂದರೆ ಆಗಬೇಕಾದದ್ದು — ಇದನ್ನು ಬೋರ್ಡಿನ ಮೇಲೆ ಬರೆದು ಬರೆದು ನನ್ನ ತೋಳು ಸೋತಿದೆ. ಆದರೂ ಪ್ರಸ್ತಾವ ಬರೆಯಿರಿ ಎಂದರೆ ದೂರು ಬರೆಯುತ್ತಾರೆ. ವರದಿ ಎಂದರೆ ಹೆಡ್‌ಮಾಸ್ತರರಿಗೆ ರಜೆ ಅರ್ಜಿ ಹಾಕುವವರ ಹಾಗೆ ಕೈಮುಗಿದುಕೊಂಡು ಶುರು ಮಾಡುತ್ತಾರೆ. ತಲೆ ಚಿಟ್ಟು ಹಿಡಿಯುತ್ತದೆ. ಕೊನೆಗೆ ಎಲ್ಲರದೂ ಒಂದೇ ಹಾಡು: "ಟೀಚರ್, ಕುಛ್ ರೆಡಿಮೇಡ್ ದೇದೋ ನಾ." ಅಚ್ಚು ಬೇಕು ಅವರಿಗೆ, ಹೆಸರು, ಊರು ಬದಲಿಸಿ ಹಾಗೇ ಇಳಿಸಿಬಿಡಬೇಕು. ನಮ್ಮ ಕಸುಬಿನಲ್ಲಿ ಎಲ್ಲರೂ ಕೊಡುತ್ತಾರೆ — ಇಲ್ಲ, ಹಾಗೆ ಹೇಳಿ ಜಾರಿಕೊಳ್ಳಬಾರದು. ನಾನು ಕೊಡುತ್ತಿದ್ದೆ.

ವಿಮರ್ಶೆಗೆ ಮಾತ್ರ ನನ್ನ ಹತ್ತಿರ ಅಚ್ಚು ಇರಲಿಲ್ಲ. ವಿಮರ್ಶೆಯಲ್ಲಿ ಬರೆದವರ ರುಚಿ, ಹಟ, ತಕರಾರು ಎಲ್ಲ ಕಾಣಬೇಕು. ನಾನು ಬರೆದರೆ ಸರ್ಕಾರಿ ಸುತ್ತೋಲೆಯಾಗುತ್ತಿತ್ತು. ಕಲಿಸುವವಳಿಗೇ ಬರುವುದಿಲ್ಲ ಎಂದು ಹೇಳುವುದು ಹೇಗೆ? ಹೇಳಲಿಲ್ಲ.

ಆಗ ಸಂಜೆಯ ಬ್ಯಾಚಿಗೆ ಶಾಹೀನ್ ಬಂದಳು. ಕುರ್ಲಾದ ಒಂದು ಸಣ್ಣ ಶಾಲೆಯಲ್ಲಿ ಟೀಚರ್, ಮನೆತನ ಬಿಜಾಪುರದ ಕಡೆಯದು. ಪವಾಯಿಯ ಒಂದು ದೊಡ್ಡ ಶಾಲೆಯವರು, ಈ ಪರೀಕ್ಷೆ ಪಾಸಾಗಿ ಬಂದರೆ ಕೆಲಸ ನಿನ್ನದೇ ಎಂದು ಅವಳಿಗೆ ಮಾತು ಕೊಟ್ಟಿದ್ದರು. ಜೊತೆಗೆ ವೈಶಾಲಿ — ಅದೇ ಕುರ್ಲಾ ಶಾಲೆಯ ಟೀಚರ್, ಜೋಗೇಶ್ವರಿಯಲ್ಲಿ ಹೋಟೆಲ್ ಇಟ್ಟಿರುವ ನಮ್ಮ ಕರಾವಳಿ ಕಡೆಯವರ ಮಗಳು. ಇಬ್ಬರೂ ದಾದರ್‌ನಲ್ಲಿ ಗಾಡಿ ಬದಲಿಸಿ, ಕ್ಲಾಸಿಗೆ ಬರುವಷ್ಟರಲ್ಲಿ ಇಡೀ ಲೋಕದ ಮಾತು ಆಡಿ ಮುಗಿಸಿರುತ್ತಿದ್ದರು. ನಾನು ಒಬ್ಬಳನ್ನು ಬೈದರೆ ಇನ್ನೊಬ್ಬಳು ಮುಖ ಊದಿಸಿಕೊಳ್ಳುವಷ್ಟು ಗೆಳೆತನ.

ಒಂದು ದಿನ, ನಿಮ್ಮ ಮನೆ ಹತ್ತಿರದ ಒಂದು ಅಂಗಡಿಯ ವಿಮರ್ಶೆ ಬರೆಯಿರಿ ಎಂದೆ. ಎಲ್ಲರೂ ತಿಂಡಿ ಚೆನ್ನಾಗಿದೆ, ಸೇವೆ ಚೆನ್ನಾಗಿದೆ, ಎಲ್ಲರೂ ಹೋಗಿ ಎಂದು ಬರೆದರು. ಶಾಹೀನ್ ಬರೆದದ್ದು ಕುರ್ಲಾದ ತನ್ನ ಗಲ್ಲಿಯ ಬೇಕರಿಯವನ ಮೇಲೆ. ಅವನು ಪಾವ್ ಮುಟ್ಟಿ ನೋಡಿದವರನ್ನು ಬೈಯುತ್ತಾನೆ, ಸಾಲು ಮುರಿದವರನ್ನು ಬೈಯುತ್ತಾನೆ, ಯಾರೂ ಸಿಗದಿದ್ದರೆ ಒಲೆಯನ್ನೇ ಬೈಯುತ್ತಾನೆ. ಇದ್ದ ಒಳ್ಳೆಯತನವನ್ನೆಲ್ಲ ಹಿಟ್ಟಿಗೇ ಹಾಕಿ ನಾದಿರುವುದರಿಂದ ಪಾವ್ ಅಷ್ಟು ಮೆತ್ತಗೆ. ಓದಿ ಜೋರಾಗಿ ನಕ್ಕೆ. ಆಮೇಲೆ ಹೊಟ್ಟೆಯುರಿಯಿತು. ಅದನ್ನೂ ಹೇಳಿಬಿಡುತ್ತೇನೆ — ಹೊಟ್ಟೆಯುರಿಯಿತು.

ಪರೀಕ್ಷೆಯಲ್ಲಿ ಇಂಥದ್ದು ಬಂದರೆ ಇದನ್ನೇ ಬರಿ ಎಂದು ಅವಳಿಗೆ ಹೇಳಿದೆ. ಮರುದಿನ ಬೆಳಗಿನ ಬ್ಯಾಚಿನವರಿಗೆ ಅದನ್ನೇ ನನ್ನ ಮಾದರಿ ಉತ್ತರ ಎಂದು ಕೊಟ್ಟೆ. ಜಾಗ ಬದಲಿಸಿಕೊಳ್ಳಿ, ಬೈಗುಳ ಬದಲಿಸಿಕೊಳ್ಳಿ ಎಂದು ಬಡಕೊಂಡಿದ್ದೆ. ಬಾಯಿಪಾಠದವರು ಬದಲಿಸುತ್ತಾರೆಯೇ? ಕುರ್ಲಾ ಸ್ಟೇಷನ್ನಿನಲ್ಲಿ ಇಳಿದು ಗೊತ್ತಿಲ್ಲದವರೂ ಪರೀಕ್ಷೆಯಲ್ಲಿ ಕುರ್ಲಾದ ಬೇಕರಿಯವನ ಕೈಲಿ ಬೈಸಿಕೊಂಡು ಬಂದರು. ಅಂಗಡಿಯ ಪ್ರಶ್ನೆಯೇ ಬಂದಿತ್ತಲ್ಲ.

ಒಂದೇ ಉತ್ತರ ಬರೆದವರೆಲ್ಲರ ಫಲಿತಾಂಶ ರದ್ದಾಯಿತು. ಅದರಲ್ಲಿ ಶಾಹೀನಳದೂ ಇತ್ತು. ಪರೀಕ್ಷೆ ನಡೆಸಿದವರು ನನಗೆ ಫೋನ್ ಮಾಡಿ, ಇದನ್ನು ನಿಮ್ಮ ಕ್ಲಾಸಿನಲ್ಲಿ ಕೊಟ್ಟಿದ್ದೇ ಎಂದು ಕೇಳಿದರು. ಹೌದು ಎಂದಿದ್ದರೆ ಅವಳೊಬ್ಬಳಾದರೂ ಉಳಿಯುತ್ತಿದ್ದಳೇನೋ. "ನಮ್ಮಲ್ಲಿ ಬಾಯಿಪಾಠ ಮಾಡಿಸುವುದಿಲ್ಲ" ಎಂದೆ. ಹೊಸ ಬ್ಯಾಚಿನ ಅಡ್ಮಿಶನ್ ನಡೆಯುತ್ತಿದ್ದ ದಿನಗಳು ಅವು.

ಅವಳು ಬಂದು ನನ್ನೆದುರು ಕುಳಿತಳು. ಬೆಪ್ಪಾಗಿದ್ದಳು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ನಾನು ಕೇಳಿದ್ದು ಇದು:

"ನೀನು ಯಾರಿಗಾದ್ರೂ ತೋರಿಸಿದ್ದಿಯಾ ಮಾರಾಯ್ತಿ?"

"ವೈಶಾಲಿಗಷ್ಟ ತೋರ್ಸೀನ್ರಿ ಮೇಡಂ. ಆಕಿ ಹಂಗ ಮಾಡಾಕಿ ಅಲ್ರಿ."

"ಈ ಮುಂಬಯಿಯಲ್ಲಿ ಯಾರನ್ನಂತ ನಂಬುದು?"

ಇಷ್ಟೇ. ವೈಶಾಲಿಯ ಹೆಸರನ್ನು ನಾನು ಎತ್ತಲಿಲ್ಲ ಎಂದು ಎಷ್ಟೋ ಕಾಲ ಸಮಾಧಾನ ಮಾಡಿಕೊಂಡೆ — ಎಂಥ ಸಮಾಧಾನ! ವೈಶಾಲಿ ಪಾಸಾಗಿದ್ದಳು; ಶಾಹೀನಳ ಅನುಮಾನಕ್ಕೆ ಅಷ್ಟು ಸಾಕಾಯಿತು. ಇಬ್ಬರೂ ಒಂದೇ ಸ್ಟಾಫ್‌ರೂಮಿನಲ್ಲಿ ಬೆನ್ನು ತಿರುಗಿಸಿ ಕೂರುತ್ತಾರೆಂದು ಯಾರೋ ಹೇಳಿದರು. ಪವಾಯಿಯ ಕೆಲಸ ಬೇರೆ ಯಾರಿಗೋ ಹೋಯಿತು. ಬೆಳಗಿನ ಬ್ಯಾಚಿನವರು ಮತ್ತೆ ಪರೀಕ್ಷೆಗೆ ಕೂತು ಪಾಸಾಗಿ ನನಗೆ ಪೇಢಾ ತಂದುಕೊಟ್ಟರು. ಶಾಹೀನ್ ಮತ್ತೆ ಕೂರಲಿಲ್ಲ.

ಹೋದ ವಾರ ಅವಳು ಬಂದಳು, ಅಕ್ಕನ ಮಗಳನ್ನು ಕ್ಲಾಸಿಗೆ ಸೇರಿಸಲು. ನನ್ನ ಎದುರಿಗೇ ಆ ಹುಡುಗಿಗೆ ಬುದ್ಧಿ ಹೇಳಿದಳು: "ನೀ ಬರದದ್ದು ಯಾರಿಗೂ ತೋರ್ಸಬ್ಯಾಡ. ಮೇಡಂಗಷ್ಟ ತೋರ್ಸು."

ನನಗೆ ಇನ್ನು ತಡೆಯಲಾಗಲಿಲ್ಲ. ಹುಡುಗಿಯನ್ನು ಹೊರಗೆ ಕೂರಿಸಿ, ಇಲ್ಲಿಯವರೆಗೆ ಬರೆದದ್ದನ್ನೆಲ್ಲ ಹೇಳಿದೆ. ಕ್ಷಮಿಸು ಎನ್ನಲು ಬಾಯಿ ಬರಲಿಲ್ಲ. ಅವಳು ಕೂಗಾಡಲಿ, ನಾಲ್ಕು ಜನ ಸೇರಲಿ ಎಂದೇ ಕಾಯುತ್ತಿದ್ದೆ. ಅವಳು ಪವಾಯಿಯ ಮಾತೆತ್ತಲಿಲ್ಲ, ಪರೀಕ್ಷೆಯ ಮಾತೂ ಎತ್ತಲಿಲ್ಲ.

"ವೈಶಾಲಿಗೆ ಇದು ಗೊತ್ತದ ಏನ್ರಿ?"

"ಇಲ್ಲ."

"ಆಕಿ ಮದಿವಿಗೆ ಮನೀತನಾ ಬಂದು ಕರದಿದ್ಳು. ನಾ ಬಾಗಲಾ ತಗೀಲಿಲ್ರಿ."

ಅಷ್ಟು ಹೇಳಿ ಎದ್ದಳು. ಹುಡುಗಿಯನ್ನು ಕರೆದುಕೊಂಡು ಹೊರಟುಹೋದಳು.

ಆ ಮದುವೆಗೆ ನಾನು ಹೋಗಿದ್ದೆ. ವೇದಿಕೆ ಹತ್ತಿ ವೈಶಾಲಿಯ ತಲೆಯ ಮೇಲೆ ಅಕ್ಷತೆ ಹಾಕಿದಾಗ ಅವಳು ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದ್ದಳು: "ಟೀಚರ್, ಶಾಹೀನ್ ಬರ್ಲಿಲ್ಲ. ನನ್ನಿಂದ ಏನು ಗಲ್ತಿ ಆಯ್ತು, ನಿಮ್ಗೆ ಏನಾದ್ರೂ ಮಾಲೂಮ್ ಉಂಟಾ?"

ಗೊತ್ತಿಲ್ಲ ಎಂದೆ. ಕೆಳಗಿಳಿದು ಹೋಗಿ ಊಟಕ್ಕೆ ಕುಳಿತೆ.